ಸಕ್ಕರೆ ಎಂಬ ಹಣೆಪಟ್ಟಿ

ಟೈಪಿಂಗ್ ಕಲಿಯಲು ಬಂದವರಿಗೆಲ್ಲ ಮೊದಲ ದಿನ ನಾನು ಹೇಳುತ್ತಿದ್ದ ಮಾತು ಒಂದೇ: ಓದಬೇಡಿ, ಹೊಡೆಯಿರಿ. ಎದುರಿಗಿಟ್ಟ ಕಾಗದದಲ್ಲಿ ಏನು ಬರೆದಿದೆ ಎಂದು ತಲೆ ಕೆಡಿಸಿಕೊಂಡವರ ಬೆರಳು ತಪ್ಪುತ್ತದೆ. ಅಕ್ಷರ ಕಣ್ಣಿಗೆ ಬೀಳಬೇಕು, ಬೆರಳಿನಿಂದ ಇಳಿಯಬೇಕು, ನಡುವೆ ತಲೆಗೆ ಹೋಗಕೂಡದು. ಈ ವಿದ್ಯೆಯಲ್ಲಿ ಮಂಡಿ ಮೊಹಲ್ಲಾದ ನಮ್ಮ ಇನ್‌ಸ್ಟಿಟ್ಯೂಟ್ ಕಂಡ ಅತ್ಯುತ್ತಮ ವಿದ್ಯಾರ್ಥಿನಿ ಪ್ರೇಮಲೀಲಾ. ಕೋರ್ಟಿನ ಕಾಗದವಾಗಲಿ, ಲಗ್ನಪತ್ರಿಕೆಯಾಗಲಿ, ಅವಳ ಬೆರಳಿಗೆ ಎಲ್ಲವೂ ಒಂದೇ. ಒಮ್ಮೆ ಯಾರೋ ತೀರಿಕೊಂಡವರ ಶಿವಗಣಾರಾಧನೆಯ ಕಾರ್ಡನ್ನು ಒಂದೇ ಒಂದು ತಪ್ಪಿಲ್ಲದೆ ಹೊಡೆದು, ಯಂತ್ರದಿಂದ ಕಾಗದ ಎಳೆದು, ನನ್ನ ಕೈಗೆ ಕೊಡುವ ಮುಂಚೆ ಒಂದು ಸಲ ನೋಡಿ, "ಅಯ್ಯೋ, ಇವ್ರು ನಮ್ಮೋರು ಸಾರ್! ಯಾವಾಗ ಹೋದ್ರು?" ಎಂದಿದ್ದಳು. ಈ ಕಥೆಯನ್ನು ನಾನು ವರ್ಷಗಟ್ಟಲೆ ಹೊಸ ಹುಡುಗರಿಗೆ ಹೇಳಿ ನಗಿಸಿದ್ದೇನೆ. ಈಗ ಹೇಳುವುದಿಲ್ಲ.

ಅವಳನ್ನು ನಮ್ಮಲ್ಲಿಗೆ ತಂದು ಸೇರಿಸಿದವರು ಅವಳ ಅಣ್ಣ ಶಿವರುದ್ರಪ್ಪ. ತೊಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ತೀರಿಕೊಂಡ ಮೇಲೆ ಶಿವರುದ್ರಪ್ಪನವರು ಚಿಕ್ಕ ವಯಸ್ಸಿಗೇ ಒಣಮೆಣಸಿನಕಾಯಿ, ಹುಣಸೆಹಣ್ಣಿನ ಮಂಡಿಯ ಗದ್ದಿಗೆ ಏರಿದ್ದರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಒಂದು ಟವೆಲು, ಬಾಯಿ ತುಂಬ ಮಾತು. ಹೆಣ್ಣುಹುಡುಗಿ ಟೈಪಿಂಗ್ ಕಲಿತು ಏನಾಗಬೇಕು ಎಂದು ಮನೆಯಲ್ಲಿ ತಾಯಿ ಕೂಗಾಡಿದ್ದರಂತೆ. ಇವರು ಕೇಳಲಿಲ್ಲ. "ಮೇಷ್ಟ್ರೇ, ನಂಗಂತೂ ಓದೋಕಾಗ್ಲಿಲ್ಲ. ಇವಳನ್ನ ಒಂದು ದಡ ಹತ್ತಿಸ್ಬುಡಿ" ಎಂದು ನನ್ನ ಮೇಜಿನ ಮುಂದೆ ನಿಂತರು. ಸಂಜೆ ಕ್ಲಾಸು ಮುಗಿಯುವ ಹೊತ್ತಿಗೆ ತಂಗಿಯನ್ನು ಕರೆದೊಯ್ಯಲು ಅವರೇ ಬರುತ್ತಿದ್ದರು. ಅವರು ಬಾಗಿಲಲ್ಲಿ ನಿಂತರೆ ಸಾಕು, ಮೆಣಸಿನಕಾಯಿ ಘಾಟಿಗೆ ಇಡೀ ಕ್ಲಾಸು ಸೀನುತ್ತಿತ್ತು. ಪ್ರೇಮಲೀಲಾ ನಾಚಿಕೊಂಡು ಓಡುತ್ತಿದ್ದಳು. ಅಣ್ಣನೆಂದರೆ ಅವಳಿಗೆ ಅಪ್ಪನ ಜಾಗ.

ಆಮೇಲೆ ಕಂಪ್ಯೂಟರ್ ಬಂತು. ನಮ್ಮ ಯಜಮಾನರು ಶಿವಮಲ್ಲಪ್ಪ ಟೈಪ್‌ರೈಟರುಗಳನ್ನೆಲ್ಲ ಗುಜರಿಗೆ ಹಾಕಿದರು. ನನ್ನನ್ನು ಗುಜರಿಗೆ ಹಾಕಲು ಮನಸ್ಸು ಬರದೆ ಬಾಗಿಲ ಹತ್ತಿರ ಒಂದು ಕುರ್ಚಿ ಕೊಟ್ಟು, ಬಂದು ಹೋಗುವವರನ್ನು ನೋಡಿಕೊಳ್ಳಿ ಎಂದರು. ಪ್ರೇಮಲೀಲಾ ರಾತ್ರೋರಾತ್ರಿ ಎನ್ನುವ ಹಾಗೆ ಕಂಪ್ಯೂಟರ್ ಮೇಡಂ ಆದಳು. ಅಷ್ಟರಲ್ಲಿ ಅವಳಿಗೆ ಮದುವೆಯಾಗಿ, ಗಂಡ ಮಹಾಂತೇಶನ ಜೊತೆ ಕೆಸರೆಯಲ್ಲಿ ಮನೆ ಮಾಡಿದ್ದಳು. ನಾನು ಬಾಗಿಲಲ್ಲಿ ಕೂತು ಕಂಪ್ಯೂಟರನ್ನು ಬೈಯುವುದು, ಅವಳು ಒಳಗಿನಿಂದ ನನ್ನನ್ನು ರೇಗಿಸುವುದು, ಹೀಗೆ ನಮ್ಮ ಹೊತ್ತು ಹೋಗುತ್ತಿತ್ತು.

ಎರಡು ಸಾವಿರದ ಆರೋ ಏಳೋ ಇರಬೇಕು, ಅವಳಿಗೆ ಒಂದು ಹೊಸ ಹುಚ್ಚು ಹಿಡಿಯಿತು. ಬುಕ್‌ಮಾರ್ಕ್ ತಾಣ ಅಂತೆ. ನಾನು ಪುಸ್ತಕ ಓದುವಾಗ ಎಲ್ಲಿಗೆ ನಿಲ್ಲಿಸಿದೆನೋ ಅಲ್ಲಿ ಸಿಟಿ ಬಸ್ಸಿನ ಟಿಕೆಟ್ ಸಿಕ್ಕಿಸುತ್ತೇನೆ. ಅಂಥದ್ದೇ ಇದು. ಇಂಟರ್ನೆಟ್ಟಿನಲ್ಲಿ ನಿಮಗೆ ಬೇಕಾದ ಪುಟ ಸಿಕ್ಕರೆ ಈ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಇಟ್ಟುಕೊಳ್ಳಬಹುದು. ಅದಕ್ಕೊಂದು ಹಣೆಪಟ್ಟಿ ಅಂಟಿಸಬಹುದು, ಅಡುಗೆ ಎಂದೋ ಕಸೂತಿ ಎಂದೋ. ಪಕ್ಕದಲ್ಲಿ ನಿಮ್ಮ ಅಭಿಪ್ರಾಯ ಒಂದು ಸಾಲು ಬರೆಯಬಹುದು. ವ್ಯತ್ಯಾಸವೆಂದರೆ, ನೀವು ಇಟ್ಟುಕೊಂಡದ್ದು ಲೋಕಕ್ಕೆಲ್ಲ ಕಾಣುತ್ತದೆ. ಒಂದು ಪುಟವನ್ನು ಎಷ್ಟು ಜನ ಇಟ್ಟುಕೊಂಡಿದ್ದಾರೆ ಎಂಬ ಲೆಕ್ಕವೂ ಅಲ್ಲೇ ಕಾಣುತ್ತದೆ. ಹೆಚ್ಚು ಜನ ಇಟ್ಟುಕೊಂಡದ್ದು ಮೇಲೆ, ಕಡಿಮೆ ಜನ ಇಟ್ಟುಕೊಂಡದ್ದು ಕೆಳಗೆ.

"ನನ್ನ ಬಸ್ ಟಿಕೆಟ್ಟು ಯಾವ ಪುಟದಲ್ಲಿದೆ ಅಂತ ಊರಿಗೆಲ್ಲ ಯಾಕಮ್ಮ ಗೊತ್ತಾಗ್ಬೇಕು?" ಎಂದು ನಾನು ಕೇಳಿದೆ.

"ಹಂಗಲ್ಲ ಸಾರ್. ಹುಡುಕೋಕೆ ಹೋದ್ರೆ ಸಾವಿರ ಕಸ ಬರ್ತದೆ. ಇಲ್ಲಿ ಜನ ನೋಡಿ, ಒಳ್ಳೇದು ಅನ್ಸಿದ್ದನ್ನ ಎತ್ತಿಟ್ಟಿರ್ತಾರೆ. ಒಬ್ರ ಮಾತಲ್ಲ ಇದು, ಜನ ಆರಿಸಿದ್ದು" ಎಂದಳು.

ಅವಳ ಸಂತೋಷ ಸುಳ್ಳಲ್ಲ. ಯಾವುದೋ ದೇಶದ ಹೆಂಗಸೊಬ್ಬಳು ಇಟ್ಟುಕೊಂಡಿದ್ದ ಕಸೂತಿ ಪುಟಗಳ ಹಿಂದೆ ಬಿದ್ದು, ಅಲ್ಲಿಂದ ಕಾಗದ ಮಡಚಿ ಹಕ್ಕಿ ಮಾಡುವವನ ಹತ್ತಿರ ಹೋಗಿ, ಅಲ್ಲಿಂದ ಹಳೇ ಗಡಿಯಾರ ರಿಪೇರಿ ಮಾಡುವ ಮುದುಕನ ಪುಟಕ್ಕೆ ಇಳಿದು, ಊಟದ ಡಬ್ಬಿ ತೆಗೆಯುವುದನ್ನೇ ಮರೆಯುತ್ತಿದ್ದಳು. ಗುರುತು ಪರಿಚಯ ಇಲ್ಲದವರು ತನಗಾಗಿಯೇ ಎತ್ತಿಟ್ಟಿದ್ದಾರೇನೋ ಅನ್ನುವಷ್ಟು ಹಿಗ್ಗು. ಅಣ್ಣನ ಮಗಳು ಲಾಸ್ಯ ಆಗ ಪಿಯುಸಿ ಓದುತ್ತಿದ್ದಳು. ಅವಳಿಗೂ ಇದನ್ನೇ ತೋರಿಸಿ, "ಏನೇ ಬೇಕಾದ್ರೂ ಮೊದ್ಲು ಇಲ್ಲಿ ನೋಡು, ಇದು ನಂಬೋವಂಥದ್ದು" ಎಂದು ಹೇಳಿಕೊಟ್ಟಿದ್ದಳು.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅದನ್ನು ಪಾಠ ಮಾಡಿದಳು. ಶಿವಮಲ್ಲಪ್ಪನವರಿಗೂ ಖುಷಿ, ಬೇರೆ ಇನ್‌ಸ್ಟಿಟ್ಯೂಟಿನಲ್ಲಿ ಇಲ್ಲದ ಪಾಠ ನಮ್ಮಲ್ಲಿದೆ ಎಂದು ಬೋರ್ಡು ಬರೆಸಿದರು. ಪ್ರತಿ ಬ್ಯಾಚಿನಲ್ಲೂ ಒಂದು ದಿನ ಆ ಪಾಠ. ಹುಡುಗರೆಲ್ಲ ಆ ತಾಣದಲ್ಲಿ ಒಂದೊಂದು ಹೆಸರು ನೋಂದಾಯಿಸಬೇಕು, ಮೇಡಂ ಹೇಳಿದ ಪುಟವನ್ನು ತೆರೆಯಬೇಕು, ಇಟ್ಟುಕೊಳ್ಳಬೇಕು, ಹಣೆಪಟ್ಟಿ ಅಂಟಿಸಬೇಕು, ಅಭಿಪ್ರಾಯದ ಜಾಗದಲ್ಲಿ ಒಂದು ವಾಕ್ಯ ಹೊಡೆಯಬೇಕು. ಅಲ್ಲಿಗೆ ಪಾಠ ಮುಗಿಯಿತು.

ಯಾವ ಪುಟ? ನಮ್ಮಲ್ಲಿದ್ದ ಇಂಟರ್ನೆಟ್ಟು ಆಮೆಗಿಂತ ನಿಧಾನ. ಚಿತ್ರ ಇರುವ ಪುಟ ತೆರೆಯಲು ಹೋದರೆ ಮೇಲಿನ ಅರ್ಧ ಬರುವಷ್ಟರಲ್ಲಿ ಬ್ಯಾಚಿನ ಹೊತ್ತು ಮುಗಿಯುತ್ತಿತ್ತು. ಅವಳು ಹುಡುಕಿ ಹುಡುಕಿ, ಒಂದೂ ಚಿತ್ರವಿಲ್ಲದ, ಕ್ಲಿಕ್ ಮಾಡಿದ ತಕ್ಷಣ ತೆರೆದುಕೊಳ್ಳುವ ಒಂದು ಪುಟ ಹಿಡಿದಿದ್ದಳು. ಸಕ್ಕರೆ ಕಾಯಿಲೆಗೆ ಯಾವುದೋ ಕಾಡುಬಳ್ಳಿಯ ಎಲೆಯ ಕಷಾಯ, ಅದರ ಮೇಲೆ ಇಂಗ್ಲಿಷಿನಲ್ಲಿ ಯಾರೋ ಬರೆದದ್ದು. ಅದರ ಮೊದಲ ಎರಡು ಸಾಲಿನ ಆಚೆಗೆ ಅವಳು ಓದಿರಲಿಲ್ಲ. ಓದುವ ಅಗತ್ಯವೇನು? ಪಾಠಕ್ಕೆ ಬೇಕಾದದ್ದು ಪುಟ ಬೇಗ ತೆರೆಯುವುದು. ಹಣೆಪಟ್ಟಿ ಏನು ಬರೆಯಬೇಕು ಎಂದು ಹುಡುಗರು ಕೇಳಿದಾಗ, "ನಿಮ್ಮ ಮನೇಲಿ ಏನಂತೀರೋ ಅದೇ ಬರೀರಿ" ಎಂದಳು. ಅವರು ಇಂಗ್ಲಿಷ್ ಅಕ್ಷರದಲ್ಲಿ ಸಕ್ಕರೆ ಎಂದು ಹೊಡೆದರು. ನಮ್ಮ ಕಡೆ ಆ ಕಾಯಿಲೆಗೆ ಇರುವ ಹೆಸರೇ ಅದು. ಅಭಿಪ್ರಾಯದ ವಾಕ್ಯವನ್ನು ಅವಳು ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಯಾರೋ ಪುಣ್ಯಾತ್ಮರು ಯಾವುದೋ ಬೇರೆ ಪುಟಕ್ಕೆ ಬರೆದಿದ್ದ ಸಾಲನ್ನೇ ನೋಡಿ ಎತ್ತಿಕೊಂಡಿದ್ದಳು: ತುಂಬಾ ಉಪಯುಕ್ತ, ನಾನೇ ಮಾಡಿ ನೋಡಿದ್ದೇನೆ. ಇಂಗ್ಲಿಷಿನಲ್ಲಿ ಈ ಸಾಲನ್ನು ಹುಡುಗರು ಒಬ್ಬರಾದ ಮೇಲೊಬ್ಬರು, ಬ್ಯಾಚಾದ ಮೇಲೆ ಬ್ಯಾಚು, ಒಂದು ಅಕ್ಷರ ತಪ್ಪದ ಹಾಗೆ ಹೊಡೆದರು. ಓದಬೇಡಿ, ಹೊಡೆಯಿರಿ.

ಪ್ರಪಂಚದಲ್ಲಿ ಸಕ್ಕರೆ ಎಂಬ ಹಣೆಪಟ್ಟಿ ಅಂಟಿಸುವವರು ಇನ್ನಾರು? ಮೈಸೂರು ಪಾಕ್ ಮಾಡುವುದು ಹೇಗೆ ಎಂಬ ಒಂದೆರಡು ಪುಟ ಬಿಟ್ಟರೆ ಆ ಹೆಸರಿನಡಿ ಇದ್ದದ್ದೆಲ್ಲ ನಮ್ಮ ಹುಡುಗರದೇ. ವರ್ಷ ಕಳೆಯುವುದರಲ್ಲಿ ಆ ಕಷಾಯದ ಪುಟ ನೂರಾರು ಜನ ಮಾಡಿ ನೋಡಿ ಮೆಚ್ಚಿದ ಪುಟವಾಗಿ ಎಲ್ಲಕ್ಕಿಂತ ಮೇಲೆ ಕೂತಿತು. ಪ್ರೇಮಲೀಲಾ ಅದನ್ನು ನೋಡಿ ನಗುತ್ತಿದ್ದಳು. "ನಮ್ಮ ಪುಟ ಫೇಮಸ್ ಆಗೋಯ್ತು ಸಾರ್" ಎನ್ನುತ್ತಿದ್ದಳು. ನಾನೂ ನಕ್ಕಿದ್ದೆ.

ಆ ವರ್ಷ ಗೌರಿ ಹಬ್ಬಕ್ಕೆ ಅಣ್ಣನ ಮನೆಗೆ ಹೋದಳು. ಮಂಡಿ ಮೊಹಲ್ಲಾದಲ್ಲೇ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ನೆಂಟರು ತುಂಬಿದ್ದರು. ಅತ್ತಿಗೆ ಚೆಲುವಮ್ಮ ಎಲೆ ಹಾಕಿ ಹೋಳಿಗೆ ಬಡಿಸುತ್ತಿದ್ದರು. ಶಿವರುದ್ರಪ್ಪನವರಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಹಬ್ಬದ ಊಟದಲ್ಲಿ ಅವರ ಎಲೆಗೆ ಸಿಹಿ ಬೀಳುತ್ತಿರಲಿಲ್ಲ. ಅವತ್ತು ಅವರು ಎರಡನೇ ಹೋಳಿಗೆಗೆ ಕೈ ಒಡ್ಡಿದರು.

"ಅಣ್ಣಾ, ಏನಿದು?" ಎಂದಳು ಪ್ರೇಮಲೀಲಾ.

"ನಂಗೀಗ ಸಕ್ಕರೆ ಇಲ್ಲ ಕಣಮ್ಮ! ಮಾತ್ರೆ ಎಲ್ಲ ಬಿಸಾಕ್ಬುಟ್ಟೆ" ಎಂದು ಅವರು ಗಟ್ಟಿಯಾಗಿ ನಕ್ಕರು. "ಎಲ್ಲಾ ನಿನ್ನಿಂದ್ಲೇ. ಏ ಲಾಸ್ಯ, ಆ ಕಾಗ್ದ ತಕ್ಕೊಂಬಾ."

ಲಾಸ್ಯ ತಂದ ಕಾಗದ ಆ ಪುಟದ ಪ್ರಿಂಟು. ಅದರ ಜೊತೆ ತಾಣದಲ್ಲಿ ಜನ ಬರೆದ ಅಭಿಪ್ರಾಯಗಳೂ ಇದ್ದವು. ಅಪ್ಪ ಸಕ್ಕರೆಗೆ ಏನಾದರೂ ಔಷಧ ನೋಡು ಎಂದಾಗ ಹುಡುಗಿ ಅತ್ತೆ ಹೇಳಿಕೊಟ್ಟ ಹಾಗೆ ಮೊದಲು ಆ ತಾಣಕ್ಕೆ ಹೋಗಿದ್ದಳು. ಅಪ್ಪ ಹೇಳಿದ ಪದವನ್ನೇ ಹೊಡೆದಿದ್ದಳು. ಕಾಯಿಲೆಯ ಇಂಗ್ಲಿಷ್ ಹೆಸರು ಹೊಡೆದಿದ್ದರೆ ಡಾಕ್ಟರುಗಳು ಬರೆದ ಪುಟಗಳು ಬರುತ್ತಿದ್ದವು. ಸಕ್ಕರೆ ಎಂದದ್ದಕ್ಕೆ ನಮ್ಮ ಇನ್‌ಸ್ಟಿಟ್ಯೂಟಿನ ಪುಟ ಬಂತು. ಪ್ರೇಮಲೀಲಾ ಆ ಕಾಗದ ನೋಡಿದಳು. ತುಂಬಾ ಉಪಯುಕ್ತ, ನಾನೇ ಮಾಡಿ ನೋಡಿದ್ದೇನೆ. ಅದರ ಕೆಳಗೆ ಮತ್ತೆ ಅದೇ. ಅದರ ಕೆಳಗೆ ಮತ್ತೆ ಅದೇ. ತನ್ನ ಬೋರ್ಡಿನ ಮೇಲಿನ ಸಾಲನ್ನು ಅವಳು ಆವತ್ತು ಮೊದಲ ಸಲ ಅರ್ಥ ಮಾಡಿಕೊಂಡು ಓದಿದಳು.

"ಡಾಕ್ಟ್ರನ್ನ ಒಂದು ಮಾತು ಕೇಳಬೇಕಿತ್ತು ಅಣ್ಣ" ಎಂದಳು. ಅಷ್ಟೇ ಅವಳ ಬಾಯಿಂದ ಹೊರಟದ್ದು.

"ಡಾಕ್ಟ್ರು ಒಬ್ಬ. ಇಲ್ನೋಡು, ಎಷ್ಟು ಜನ ಇಟ್ಕೊಂಡವ್ರೆ! ನಮ್ಮ ಮಂಡೀಲೂ ಅಷ್ಟೇ ಕಣಮ್ಮ, ಜನ ನಿಂತಿರೋ ಅಂಗ್ಡೀಲಿ ಮಾಲು ಚೆನ್ನಾಗಿರ್ತದೆ. ಸುಮ್ ಸುಮ್ನೆ ಯಾರೂ ನಿಂತ್ಕಳಕ್ಕಿಲ್ಲ." ಆಮೇಲೆ ನೆಂಟರ ಕಡೆ ತಿರುಗಿ, "ನನ್ನ ತಂಗೀನ ಓದಿಸ್ಬೇಡ ಅಂತಿದ್ರಲ್ಲ, ಇವತ್ತು ನಾನು ಹೋಳಿಗೆ ತಿಂತಿರೋದು ಅವಳ ವಿದ್ಯೆಯಿಂದ" ಎಂದರು. ನೆಂಟರು ತಲೆದೂಗಿದರು. ಚೆಲುವಮ್ಮ ನಾದಿನಿಯ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ಆ ಮನೆಯಲ್ಲಿ ಅವಳನ್ನು ಅಷ್ಟು ಜನರ ಎದುರಿಗೆ ಹಾಗೆ ಹೊಗಳಿದ್ದು ಅದೇ ಮೊದಲು. ಅವಳು ತಲೆ ತಗ್ಗಿಸಿ ಹೋಳಿಗೆ ತಿಂದಳು.

ಮರುದಿನ ಬೆಳಿಗ್ಗೆ ಕ್ಲಾಸು ಶುರುವಾಗುವ ಮುಂಚೆ ಬಂದು ಆ ಪುಟ ತೆರೆದು ಕೊನೆಯವರೆಗೆ ಓದಿದಳು. ಕಷಾಯ ಶುರು ಮಾಡಿದ ಮೇಲೆ ಇಂಗ್ಲಿಷ್ ಮಾತ್ರೆ ಮುಟ್ಟಕೂಡದು, ಮುಟ್ಟಿದರೆ ಎಲೆಯ ಗುಣ ಹೋಗುತ್ತದೆ ಎಂದಿತ್ತು. ಇನ್ನೂ ಕೆಳಗೆ, ಆ ಎಲೆಯ ಪುಡಿ ತಮ್ಮಲ್ಲೇ ಸಿಗುತ್ತದೆ ಎಂದು ಬರೆದವರ ವಿಳಾಸವಿತ್ತು. ಅವಳು ಎದ್ದು ನನ್ನ ಕುರ್ಚಿಯ ಹತ್ತಿರ ಬಂದಳು. ಮುಖ ನೋಡಿದರೆ ಜ್ವರ ಬಂದವಳ ಹಾಗಿತ್ತು. ನಡೆದದ್ದನ್ನೆಲ್ಲ ಹೇಳಿದಳು.

"ಈಗ್ಲೇ ಹೋಗಿ ಹೇಳು. ಅಂಗಡಿ ಇಲ್ಲೇ ಅಲ್ವೇನಮ್ಮ, ನಾಲ್ಕು ಹೆಜ್ಜೆ" ಎಂದೆ.

"ಹೆಂಗೆ ಹೇಳ್ಲಿ ಸಾರ್? ಅವೆಲ್ಲ ನನ್ನ ಹುಡುಗ್ರು ಅಂತ ಹೆಂಗೆ ಹೇಳ್ಲಿ? ಅಷ್ಟು ಜನದ ಮುಂದೆ ನನ್ನ ಮೆರೆಸ್ಬುಟ್ರು."

"ಮೆರವಣಿಗೆ ಆಮೇಲೆ ಮಾಡ್ಕೊಳ್ಳುವಂತೆ. ಮೊದ್ಲು ಮಾತ್ರೆ ನುಂಗ್ಸು."

ಹೋಗುತ್ತೇನೆ ಎಂದಳು. ಹೋಗಲಿಲ್ಲ. ನಾಳೆ ಎಂದಳು. ನಾಳೆಯೂ ಹೋಗಲಿಲ್ಲ. ಅದರ ಬದಲು ಏನು ಮಾಡಿದಳು ಗೊತ್ತೆ? ಆ ಲೆಕ್ಕವನ್ನು ಇಳಿಸಲು ಹೊರಟಳು. ಮೊದಲು ತಾನು ಇಟ್ಟುಕೊಂಡದ್ದನ್ನು ಅಳಿಸಿದಳು. ಲೆಕ್ಕದಲ್ಲಿ ಒಂದು ಕಡಿಮೆಯಾಯಿತು. ಆಮೇಲೆ ಹಳೆಯ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡತೊಡಗಿದಳು. ಪಾಠ ಇಲ್ಲದ ಹೊತ್ತಿನಲ್ಲೆಲ್ಲ ಇದೇ ಕೆಲಸ. "ವಸಂತ್, ನೀನು ಆವತ್ತು ಕ್ಲಾಸಲ್ಲಿ ಒಂದು ಪುಟ ಇಟ್ಕೊಂಡಿದ್ದೆಯಲ್ಲ, ಅದನ್ನ ಅಳಿಸ್ಬುಡಪ್ಪ" ಎನ್ನುತ್ತಿದ್ದಳು. ಅತ್ತಲಿಂದ ವಸಂತ ಯಾವ ಪುಟ ಮೇಡಂ ಎನ್ನುತ್ತಿದ್ದ. ಕೀರ್ತಿ ಎಂಬ ಹುಡುಗಿ ಪಾಸ್‌ವರ್ಡ್ ಹೋಗಲಿ, ತಾನು ನೋಂದಾಯಿಸಿದ ಹೆಸರನ್ನೇ ಮರೆತಿದ್ದಳು. ಇನ್ನೊಬ್ಬಳು ಮದುವೆಯಾಗಿ ಹೋಗಿದ್ದಳು, ಅವಳ ಅತ್ತೆ ಫೋನು ಎತ್ತಿ ನೀವು ಯಾರು, ನಮ್ಮ ಸೊಸೆ ಹತ್ರ ಏನು ಕೆಲಸ ಎಂದು ಜಾಲಾಡಿದರು. ಅಳಿಸಿದವರು ಬೆರಳೆಣಿಕೆಯಷ್ಟು ಜನ. ಕೊನೆಗೆ ಅವಳು ಬೇರೆ ಹೆಸರಿನಲ್ಲಿ ಅದೇ ಪುಟವನ್ನು ಮತ್ತೆ ಇಟ್ಟುಕೊಂಡು, ಅಭಿಪ್ರಾಯದ ಜಾಗದಲ್ಲಿ ಇದನ್ನು ನಂಬಬೇಡಿ, ಅಪಾಯ ಎಂದು ಬರೆದಳು. ಆ ನೂರಾರು ಉಪಯುಕ್ತಗಳ ಕೆಳಗೆ ಅದು ಎಲ್ಲಿ ಹೋಯಿತೋ. ಜೊತೆಗೆ, ಪುಟ ಇಟ್ಟುಕೊಂಡವರ ಲೆಕ್ಕಕ್ಕೆ ಒಂದು ಸೇರಿತು.

ನನಗೆ ಪಿತ್ತ ನೆತ್ತಿಗೇರುತ್ತಿತ್ತು. "ನಿಮ್ಮಣ್ಣ ಆ ತಾಣ ನೋಡ್ಕೊಂಡು ಕೂತಿಲ್ಲ ಕಣಮ್ಮ. ಕಾಗದ ಕೈಯಲ್ಲಿದೆ, ಗ್ರಂಥಿಗೆ ಅಂಗಡಿಯಿಂದ ಎಲೆ ತರಿಸ್ಕೊಂಡು ಕುದಿಸ್ಕೊಂಡು ಕುಡೀತಿದ್ದಾರೆ. ನೀನಿಲ್ಲಿ ಲೆಕ್ಕ ಇಳಿಸ್ತಾ ಕೂತ್ರೆ ಅಲ್ಲಿ ಅವರ ಸಕ್ಕರೆ ಇಳೀತದಾ? ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಬೇಡಿ ಸಾರ್, ದಮ್ಮಯ್ಯ. ನಾನೇ ಹೇಳ್ತೀನಿ. ಲೆಕ್ಕ ಸ್ವಲ್ಪ ಕಮ್ಮಿ ಆಗ್ಲಿ, ಆಗ ನೋಡಣ್ಣ, ಜನರೇ ಬಿಟ್ಬುಡ್ತಿದ್ದಾರೆ ಅಂತ ತೋರಿಸ್ತೀನಿ. ನಾನೊಬ್ಳು ಹೇಳಿದ್ರೆ ಅವ್ರು ಕೇಳಲ್ಲ. ಡಾಕ್ಟ್ರು ಮಾತೇ ಕೇಳ್ಲಿಲ್ಲ."

ಆ ಮಾತಿನಲ್ಲಿ ಸ್ವಲ್ಪ ನಿಜ ಇತ್ತೇನೋ ಎಂದು ನಾನೂ ಸುಮ್ಮನಾದೆ. ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಸುಳ್ಳು ಅದು. ಅಣ್ಣನ ಕಣ್ಣಲ್ಲಿ ಆವತ್ತು ಕಂಡ ಹೆಮ್ಮೆಯನ್ನು ತನ್ನ ಕೈಯಾರೆ ಆರಿಸಲು ಅವಳಿಗೆ ಆಗಲಿಲ್ಲ. ಆಮೇಲಾಮೇಲೆ ಅವಳು ಅಂಗಡಿಯ ಬೀದಿಯಲ್ಲಿ ಬರುವುದನ್ನೇ ಬಿಟ್ಟು, ಬಸ್ಸಿಳಿದು ಸುತ್ತು ಹಾಕಿಕೊಂಡು ಹಿಂದಿನ ಬೀದಿಯಿಂದ ಬರುತ್ತಿದ್ದಳು. ಪಾಠದ ಪುಟ ಬದಲಾಯಿಸಿದಳು. ಬೋರ್ಡಿನ ಮೇಲೆ ಬರೆಯುವ ಸಾಲನ್ನೂ ಬದಲಾಯಿಸಿದಳು. ಅಣ್ಣನಿಗೆ ಹೇಳುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದಳು.

ದೀಪಾವಳಿ ಕಳೆದಿತ್ತು. ಮಂಡಿಯಲ್ಲಿ ಮೆಣಸಿನಕಾಯಿ ಚೀಲ ಹೊಲಿಯುವ ದಬ್ಬಳ ಯಾರ ಕೈಯಿಂದಲೋ ನೆಲಕ್ಕೆ ಬಿದ್ದು, ಬರಿಗಾಲಲ್ಲಿ ಓಡಾಡುತ್ತಿದ್ದ ಶಿವರುದ್ರಪ್ಪನವರ ಅಂಗಾಲಿಗೆ ನೆಟ್ಟಿತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ಸಕ್ಕರೆ ಏರಿ ಪಾದ ಜೋಮು ಹಿಡಿದು ಎಷ್ಟು ಕಾಲವಾಗಿತ್ತೋ. ಸಂಜೆ ಗದ್ದಿಗೆಯ ಮೇಲೆ ಕಾಲು ಮಡಚಿ ಕೂರುವಾಗ ಪಂಚೆಗೆ ಹತ್ತಿದ ರಕ್ತ ನೋಡಿ ಆಳು ಕೂಗಿದನಂತೆ. ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಮತ್ತೆ ವ್ಯಾಪಾರಕ್ಕೆ ಕೂತರು. ಕಷಾಯ ಕುಡಿಯುತ್ತಿದ್ದೇನೆ, ಗಾಯ ತಾನಾಗಿ ಮಾಯುತ್ತದೆ ಎಂಬ ಧೈರ್ಯ. ಗಾಯ ಮಾಯಲಿಲ್ಲ. ಬೆರಳು ಕಪ್ಪಾಯಿತು, ಆಮೇಲೆ ಪಾದ ಊದಿತು. ವಾಸನೆ ಬರುವವರೆಗೆ ಹೆಂಡತಿಗೂ ಸರಿಯಾಗಿ ತೋರಿಸಲಿಲ್ಲ.

ಒಂದು ಮಧ್ಯಾಹ್ನ ಲಾಸ್ಯ ನಮ್ಮ ಇನ್‌ಸ್ಟಿಟ್ಯೂಟಿಗೆ ಓಡಿ ಬಂದಳು. "ಅತ್ತೇ, ಅಪ್ಪನ್ನ ಆಸ್ಪತ್ರೆಗೆ ಸೇರಿಸವ್ರೆ. ಕಾಲು ತೆಗೀಬೇಕಂತೆ" ಎಂದು ಬಾಗಿಲಲ್ಲೇ ಅತ್ತಳು. ಪ್ರೇಮಲೀಲಾ ಪಾಠ ನಿಲ್ಲಿಸಿ ಎದ್ದಳು. ಚಪ್ಪಲಿ ಮೆಟ್ಟಿಕೊಳ್ಳದೆ ಹೊರಟಿದ್ದನ್ನು ನೋಡಿ ನಾನೂ ಹಿಂದೆ ಹೋದೆ.

ಮೊಣಕಾಲಿನ ಕೆಳಗೆ ಬಲಗಾಲನ್ನು ತೆಗೆದರು. ಪಾದವಾದರೂ ಉಳಿಯಬಹುದು ಎಂಬ ಆಸೆ ಮೊದಲ ದಿನ ಇತ್ತು. ಎರಡನೇ ದಿನ ಅದೂ ಹೋಯಿತು. ಕೆಲವು ದಿನ ಮೊದಲೇ ಬಂದಿದ್ದರೆ, ಮಾತ್ರೆ ಬಿಡದೇ ಇದ್ದಿದ್ದರೆ ಎಂದು ಡಾಕ್ಟರು ಚೆಲುವಮ್ಮನವರಿಗೆ ಹೇಳುತ್ತಿದ್ದಾಗ ಪ್ರೇಮಲೀಲಾ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಯಾವ ಹಾಳು ಮಹಾತ್ಮರು ಮಾತ್ರೆ ಬಿಡಲು ಹೇಳಿದರು ಎಂದು ಡಾಕ್ಟರು ಕೇಳಿದರು. ಚೆಲುವಮ್ಮ, "ಯಾರೋ ಕಂಪ್ಯೂಟ್ರಲ್ಲಿ ಬರ್ದಿದ್ರಂತೆ ಸ್ವಾಮಿ" ಎಂದರು. ನಾದಿನಿಯ ಕಡೆ ತಿರುಗಿಯೂ ನೋಡಲಿಲ್ಲ. ಆ ಬರೆದವರೆಲ್ಲ ಅವಳ ಹುಡುಗರೆಂದು ಅವರಿಗೆ ಗೊತ್ತಿರಲಿಲ್ಲ.

ಶಿವರುದ್ರಪ್ಪನವರು ಎದ್ದು ಕೂರುವಂತಾದ ಮೇಲೆ, ಒಂದು ಸಂಜೆ ನಾನು ಗಂಜಿ ಫ್ಲಾಸ್ಕು ಹಿಡಿದು ಅವಳ ಜೊತೆ ಹೋಗಿದ್ದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಮಂಚದ ಪಕ್ಕ ನಿಂತು ಹೇಳಿದಳು. ಆ ಜನರೆಲ್ಲ ತನ್ನ ಹುಡುಗರು, ಆ ಸಾಲು ತಾನು ಬೋರ್ಡಿನ ಮೇಲೆ ಬರೆದದ್ದು, ಅವರಲ್ಲಿ ಒಬ್ಬನೂ ಕಷಾಯ ಕುಡಿದವನಲ್ಲ, ಆ ಪುಟವನ್ನು ತಾನೇ ಓದಿರಲಿಲ್ಲ. ಅವರು ಕಣ್ಣು ಮಿಟುಕಿಸದೆ ಕೇಳಿದರು. ಮಂಡಿಯಲ್ಲಿ ಮೋಸದ ವ್ಯಾಪಾರ ಹಿಡಿದಾಗ ಹೀಗೆಯೇ ಕೂರುತ್ತಾರೆ ಎಂದು ಕೇಳಿದ್ದೆ.

"ಅಂದ್ರೆ ಅಂಗ್ಡಿ ಮುಂದೆ ನಿಂತಿದ್ದೋರೆಲ್ಲ ನಿನ್ ಆಳುಗಳು" ಎಂದರು.

"ಹೂಂ ಅಣ್ಣ."

"ನಿಂಗೆ ಯಾವಾಗ ಗೊತ್ತಾಯ್ತು?"

ಆಸ್ಪತ್ರೆಗೆ ಸೇರಿಸಿದ ಮೇಲೆ ಎಂದುಬಿಡಬಹುದಿತ್ತು. ನನ್ನ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ, ನಾನು ಬಾಯಿ ಬಿಡುತ್ತಲೂ ಇರಲಿಲ್ಲ. ಪ್ರೇಮಲೀಲಾ, "ಗೌರಿ ಹಬ್ಬದ ದಿನ" ಎಂದಳು.

ಅವರು ಮೆಲ್ಲಗೆ ಮಲಗಿ, ಗೋಡೆಯ ಕಡೆ ಮುಖ ತಿರುಗಿಸಿದರು. ನಾವು ಫ್ಲಾಸ್ಕು ಅಲ್ಲಿಟ್ಟು ಹೊರಗೆ ಬಂದೆವು.

ಅಲ್ಲಿಂದ ಮುಂದೆ ಅವಳು ಅಣ್ಣನ ಮನೆಗೆ ಹೋಗಲಿಲ್ಲ. ಅವರು ಕರೆಯಲಿಲ್ಲ, ಇವಳು ಹೋಗಲಿಲ್ಲ. ಯುಗಾದಿಗೂ ಹೋಗಲಿಲ್ಲ. ಗಂಡ ಮಹಾಂತೇಶ ಎಷ್ಟೋ ಹೇಳಿದ, ಒಡಹುಟ್ಟಿದವರ ನಡುವೆ ಏನಿದು ಎಂದು. ಕ್ಲಾಸಿನಲ್ಲಿ ಅವಳ ಪಾಠ ನಿಧಾನವಾಯಿತು. ಒಂದು ಪುಟ ತೆರೆದರೆ ಕೊನೆಯ ಸಾಲಿನವರೆಗೆ ಹುಡುಗರಿಂದ ಗಟ್ಟಿಯಾಗಿ ಓದಿಸುತ್ತಿದ್ದಳು. ಹುಡುಗರು ಬೇಸತ್ತು ಬೇರೆ ಇನ್‌ಸ್ಟಿಟ್ಯೂಟಿಗೆ ಹೋಗತೊಡಗಿದರು. ಶಿವಮಲ್ಲಪ್ಪನವರು ಗೊಣಗಿದರು. ಅವಳು ಅದಕ್ಕೂ ತಲೆ ತಗ್ಗಿಸಿ ನಿಂತಳು. ಯಾರು ಏನೇ ಬೈದರೂ ಅದು ತನಗೆ ಸಲ್ಲಬೇಕಾದದ್ದೇ ಎನ್ನುವ ಹಾಗಿತ್ತು ಅವಳ ಮುಖ. ನನಗೆ ಅವಳ ಮೇಲಿದ್ದ ಸಿಟ್ಟು ಯಾವಾಗ ಹೋಯಿತೋ ತಿಳಿಯದು.

ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಆಟೋ ನಿಂತಿತು. ಒಳಗೆ ಶಿವರುದ್ರಪ್ಪ, ಮಗ್ಗುಲಲ್ಲಿ ಎರಡು ಊರುಗೋಲು. ಕೃತಕ ಕಾಲು ಹಾಕಿಸಿಕೊಳ್ಳಲು ಹೋಗಿದ್ದರಂತೆ, ಗಾಯ ಇನ್ನೂ ಒಣಗಬೇಕು ಎಂದು ಕಳಿಸಿದ್ದರಂತೆ.

"ಮೇಷ್ಟ್ರೇ, ಹತ್ತಿ. ಪ್ರೇಮೂ ಮನೆಗೆ ಹೋಗ್ಬರೋವಾ. ಒಬ್ನೇ ಇಳಿಯಕ್ಕಾಗಕ್ಕಿಲ್ಲ" ಎಂದರು.

ದಾರಿಯುದ್ದಕ್ಕೂ, ಬೈಯಲು ಹೋಗುತ್ತಿದ್ದಾರೋ, ಸಂಬಂಧ ಮುರಿದುಕೊಳ್ಳಲು ಹೋಗುತ್ತಿದ್ದಾರೋ ಎಂದು ನನಗೆ ದಿಗಿಲು. ಕೆಸರೆಯ ಮನೆ ಮುಂದೆ ಇಳಿಸಿ, ಜಗಲಿಯವರೆಗೆ ಕೈ ಹಿಡಿದು ತಂದೆ. ಜಗಲಿಯ ಅಂಚಿನ ಮೇಲೆ ಕೂತರು. ಪ್ರೇಮಲೀಲಾ ಬಾಗಿಲಿಗೆ ಬಂದಳು. ಅಣ್ಣನನ್ನು ನೋಡಿದಳು, ಗಾಬರಿಯಾಗಿ ಒಳಗೆ ಓಡಿದಳು. ಮನೆಗೆ ದೊಡ್ಡವರು ಬಂದಾಗ ನಮ್ಮ ಹೆಣ್ಣುಮಕ್ಕಳು ಮಾಡುವುದನ್ನೇ ಅವಳೂ ಮಾಡಿದಳು, ಚೊಂಬಿನ ತುಂಬ ನೀರು ತಂದು, "ಕಾಲು ತೊಳ್ಕೊ ಅಣ್ಣ" ಎಂದಳು.

ಹೇಳಿದ ಮೇಲೆ ಅವಳಿಗೆ ತಿಳಿಯಿತು. ಚೊಂಬು ವಾಲಿ ನೀರು ಅವಳ ಸೀರೆಯ ಮೇಲೆ ಚೆಲ್ಲಿತು. ನಾನು ಬೇರೆ ಕಡೆ ನೋಡಿದೆ.

ಶಿವರುದ್ರಪ್ಪನವರು ಕೈ ಚಾಚಿ ಚೊಂಬು ಇಸಿದುಕೊಂಡರು. ಎಡಗಾಲನ್ನು ಮುಂದೆ ಚಾಚಿ, ನಿಧಾನವಾಗಿ ನೀರು ಸುರಿದು, ಕೈಯಿಂದ ಉಜ್ಜಿ ತೊಳೆದುಕೊಂಡರು. ಉಳಿದ ನೀರನ್ನು ಜಗಲಿಯ ಪಕ್ಕದ ತುಳಸಿಯ ಬುಡಕ್ಕೆ ಹಾಕಿ ಖಾಲಿ ಚೊಂಬನ್ನು ಅವಳ ಕೈಗೆ ಕೊಟ್ಟರು. ಹೆಗಲ ಮೇಲಿನ ಟವೆಲಿನಿಂದ ಪಾದ ಒರೆಸಿಕೊಳ್ಳುತ್ತ, ಅವಳ ಮುಖ ನೋಡದೆ ಹೇಳಿದರು.

"ಅಷ್ಟು ಜನ ಅಂತ ಬಾಯಲ್ಲಿ ಅಂದೆ, ಆದ್ರೆ ನಾನು ಆ ಜನಗಳನ್ನ ನಂಬಿದ್ದು ಅಲ್ಲ ಕಣಮ್ಮ. ಅವ್ರೆಲ್ಲ ಯಾರೋ ಏನೋ, ನಂಗೇನು ಗೊತ್ತು? ನಮ್ಮ ಪ್ರೇಮು ಅಲ್ಲಿರೋದು ನಂಬೋವಂಥದ್ದು ಅಂದವಳೆ ಅಂತ ಲಾಸ್ಯ ಅಂದ್ಲು, ಅದಕ್ಕೆ ಕುಡಿದೆ. ಅವತ್ತು ಹಬ್ಬದ ದಿನ, ಬೇಡ ಕಣಣ್ಣ ಅಂತ ಒಂದು ಮಾತು ಅಂದಿದ್ರೆ ಅಲ್ಲೇ ಬಿಟ್ಬುಡ್ತಿದ್ದೆ. ಅವ್ರು ಎಷ್ಟು ಜನ ಇದ್ರೇನು, ನೀನೊಬ್ಳು ಸಾಕಾಗಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಪ್ರೇಮಲೀಲಾ ಖಾಲಿ ಚೊಂಬು ಹಿಡಿದುಕೊಂಡೇ ನಿಂತಿದ್ದಳು. ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಮೇಷ್ಟ್ರಿಗೂ ನಂಗೂ ಕಾಫಿ ಕೊಡಮ್ಮ, ನಂದಕ್ಕೆ ಸಕ್ಕರೆ ಬೇಡ ಎಂದರು.